ಉಪ್ಪಿಗೂ ಚಳಿಯಾಗುತ್ತದೆ

ನಾನು ನಿವೃತ್ತಳಾಗುವುದಕ್ಕೆ ಹಿಂದಿನ ವರ್ಷ, ಜುಲೈ ಎರಡನೇ ವಾರದ ಬುಧವಾರ, ಚಿಕ್ಕಮಗಳೂರಿನ ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಬಿ.ಎಸ್ಸಿ. ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆ ನಡೆಯಿತು. ಶಬೀನಾ ಎಂಬ ವಿದ್ಯಾರ್ಥಿನಿಯ ಉತ್ತರಕ್ಕೆ ಹೊರಗಿನಿಂದ ಬಂದ ಪರೀಕ್ಷಕರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು. ಉತ್ತರ ಸರಿಯಾಗಿತ್ತು. ಅದೇ ಪ್ರಯೋಗ ಮಾಡಿದ ಇನ್ನಿಬ್ಬರು ಹುಡುಗರ ಉತ್ತರಕ್ಕೆ ಅವರು ಸರಿ ಗುರುತು ಹಾಕಿದರು. ಆ ಎರಡೂ ಉತ್ತರಗಳು ಸುಳ್ಳಾಗಿದ್ದವು.

ಸೇವೆಯ ಬಹುಪಾಲನ್ನು ನಾನು ಆ ಪ್ರಯೋಗಾಲಯದಲ್ಲೇ ಕಳೆದೆ. ಬಡ್ತಿ ಯಾವಾಗ ಬಂತು, ಯಾಕೆ ತಡವಾಯಿತು ಎಂಬುದೆಲ್ಲ ಪಿಂಚಣಿ ಕಡತದಲ್ಲಿದೆ. ಈಗ ಈ ಕೆಲಸಕ್ಕೆ ಸೇರುತ್ತಿರುವವರಿಗೆ ಅದರಿಂದ ಉಪಯೋಗವಿಲ್ಲ. ಅವರಿಗೆ ಉಪಯೋಗವಾಗಬಹುದಾದದ್ದು ಆ ಬುಧವಾರದ ಸಂಗತಿ. ಅದು ಅರ್ಥವಾಗಬೇಕಾದರೆ ಪ್ರಯೋಗ ಏನು, ಅದನ್ನು ನಾವು ಮಳೆಗಾಲದಲ್ಲೇ ಯಾಕೆ ಮಾಡುತ್ತಿದ್ದೆವು ಎಂದು ಮೊದಲು ಹೇಳಬೇಕು.

ಒಂದು ಚಪ್ಪಟೆ ಗಾಜಿನ ತೊಟ್ಟಿ. ಅದರಲ್ಲಿ ಅರ್ಧದವರೆಗೆ ಸಾದಾ ನೀರು. ಒಂದು ತೆಳು ಕೊಳವೆಯನ್ನು ತಳದವರೆಗೆ ಇಳಿಸಿ ಅದರ ಮೂಲಕ ಉಪ್ಪುನೀರನ್ನು ಮೆಲ್ಲಗೆ ಬಿಡಬೇಕು. ಉಪ್ಪುನೀರು ಭಾರ. ಅದು ತಳದಲ್ಲಿ ಕೂತು ಸಾದಾ ನೀರನ್ನು ಮೇಲಕ್ಕೆ ಎತ್ತುತ್ತದೆ. ಕೈ ನಡುಗದಿದ್ದರೆ ಎರಡರ ನಡುವೆ ಗಡಿ ಸ್ಪಷ್ಟವಾಗಿ ಕಾಣುತ್ತದೆ. ಆಮೇಲೆ ಯಾರೂ ಏನೂ ಮಾಡಬಾರದು. ಕಲಕಬಾರದು, ಅಲುಗಿಸಬಾರದು, ಮೇಜಿಗೆ ಒರಗಬಾರದು. ಕೆಳಗಿನ ಉಪ್ಪು ತನ್ನಷ್ಟಕ್ಕೆ ಮೇಲಿನ ನೀರಿಗೆ ಹರಡಿಕೊಳ್ಳುತ್ತದೆ. ಇದಕ್ಕೆ ವಿಸರಣೆ ಎನ್ನುತ್ತಾರೆ. ಅದು ಎಷ್ಟು ಬೇಗ ಅಥವಾ ಎಷ್ಟು ನಿಧಾನ ಎಂದು ಹೇಳುವ ಒಂದು ಸಂಖ್ಯೆ ಇದೆ. ಪುಸ್ತಕದಲ್ಲಿ ಅದು ಸುಮಾರು ಒಂದೂವರೆ. ಅದರ ಹಿಂದೆ ಬರುವ ಘಾತವನ್ನೂ ಏಕಮಾನವನ್ನೂ ಇಲ್ಲಿ ಬಿಟ್ಟಿದ್ದೇನೆ. ಈ ಬರಹಕ್ಕೆ ಒಂದೂವರೆ ಸಾಕು.

ಯಾರೂ ಏನೂ ಮಾಡಬಾರದು ಎಂದೆನಲ್ಲ, ನನ್ನ ವೃತ್ತಿಯ ತೊಂದರೆಯೆಲ್ಲ ಅಲ್ಲಿಂದಲೇ ಹುಟ್ಟಿತು. ನಮ್ಮ ಜನಕ್ಕೆ ಸುಮ್ಮನಿರುವ ನೀರನ್ನು ಕಂಡರೆ ಆಗುವುದಿಲ್ಲ.

ನಾನು ಸೇರಿದ ಹೊಸತರಲ್ಲಿ ಪ್ರಯೋಗಕ್ಕೆ ಉದ್ದನೆಯ ಜಾಡಿ ಬಳಸುತ್ತಿದ್ದೆವು. ವಾರಗಟ್ಟಲೆ ಅದನ್ನು ಮೂಲೆಯಲ್ಲಿ ನಿಲ್ಲಿಸಿ, ಬೇರೆ ಬೇರೆ ಎತ್ತರದಿಂದ ಪಿಪೆಟ್ಟಿನಲ್ಲಿ ತೊಟ್ಟು ತೊಟ್ಟು ನೀರು ತೆಗೆದು, ಸಿಲ್ವರ್ ನೈಟ್ರೇಟ್ ಹಾಕಿ ಉಪ್ಪೆಷ್ಟು ಎಂದು ನೋಡಬೇಕಿತ್ತು. ಒಮ್ಮೆ ತಪಾಸಣಾ ಸಮಿತಿ ಬರುತ್ತದೆಂದು ಕಾಲೇಜಿಗೆಲ್ಲ ಸುಣ್ಣ ಬಳಿದರು. ಮರುದಿನ ನೋಡಿದರೆ ಜಾಡಿ ಫಳಫಳ ಹೊಳೆಯುತ್ತಿತ್ತು, ಕುತ್ತಿಗೆಯವರೆಗೆ ನೀರಿತ್ತು. ನಮ್ಮ ಅಟೆಂಡರ್ ಸಿದ್ದಪ್ಪನವರನ್ನು ಕೇಳಿದೆ.

"ನೀರು ಕಮ್ಮಿಯಾಗಿತ್ತು ಮೇಡಂ. ಸಮಿತಿಯವ್ರು ನೋಡಿದ್ರೆ ಎಂತ ಅಂದ್ಕೊಳ್ತಾರೆ? ಎರಡು ಚೊಂಬು ತುಂಬ್ಸಿದೆ."

"ಎಲ್ಲಿಂದ ಹೊಯ್ದ್ರಿ?"

"ಮೇಲಿಂದಲೇ. ಕೆಳಗಿಂದ ಹೊಯ್ಯಕ್ಕಾಗುತ್ತಾ?"

ಮೂರು ವಾರದ ಕೆಲಸ ಹೋಯಿತು. ಸಮಿತಿಯವರು ಜಾಡಿಯ ಮುಂದೆ ನಿಂತು, "ಚೆನ್ನಾಗಿ ಇಟ್ಟಿದ್ದೀರಿ" ಎಂದು ಹೇಳಿ ಹೋದರು. ಸಿದ್ದಪ್ಪನವರು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ಆಮೇಲೆ ಜಾಡಿಯ ಮೇಲೆ "ಮುಟ್ಟಬೇಡಿ" ಎಂದು ಚೀಟಿ ಅಂಟಿಸಿದೆ. ಅಂಟಿಸಿದ ಮೇಲೆ ಮುಟ್ಟುವವರು ಹೆಚ್ಚಾದರು. ಒಳಗೆ ಏನಿದೆ ಎಂದು ಎತ್ತಿ ನೋಡುತ್ತಿದ್ದರು.

ಮುಂದಿನ ತೊಂದರೆ ಲಾರಿ. ನಮ್ಮ ಪ್ರಯೋಗಾಲಯದ ಹಿಂದಿನ ರಸ್ತೆ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸಿಗೆ ಹೋಗುವ ದಾರಿ. ಕೊಯ್ಲು ಮುಗಿದು ಜನವರಿ ಬಂತೆಂದರೆ ಮೂಡಿಗೆರೆ, ಕಳಸ, ಅತ್ತಿಗುಂಡಿ ಕಡೆಯಿಂದ ಸಿಪ್ಪೆ ಬಿಡಿಸದ ಪಾರ್ಚ್‌ಮೆಂಟ್ ಕಾಫಿಯ ಮೂಟೆ ಹೊತ್ತ ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಪ್ರತಿ ಲಾರಿಗೂ ಕಿಟಕಿಯ ಗಾಜು ಗಿಲಗಿಲ ಎನ್ನುತ್ತಿತ್ತು, ಮೇಜು ನಡುಗುತ್ತಿತ್ತು, ಉಪ್ಪುನೀರಿನ ಗಡಿ ಕದಡಿ ಹೋಗುತ್ತಿತ್ತು. ಮೇಜಿನ ಕಾಲಿಗೆ ಹಳೆ ಟೈರಿನ ತುಂಡು ಕೊಟ್ಟು ನೋಡಿದೆವು. ಮರಳಿನ ತಟ್ಟೆ ಇಟ್ಟೆವು. ಪ್ರಯೋಜನವಾಗಲಿಲ್ಲ. ಬೇರೆ ಕೋಣೆ ಕೊಡಿ ಎಂದು ಕೇಳಿದ್ದಕ್ಕೆ ಆಗಿನ ಪ್ರಿನ್ಸಿಪಾಲರು, "ಲಾರಿ ನಿಲ್ಸಿ ಅಂತ ಪ್ಲಾಂಟರ್‌ಗಳಿಗೆ ಹೇಳೋಕಾಗುತ್ತಾ? ನೀವೇ ಪ್ರಯೋಗ ನಿಲ್ಸಿ" ಎಂದರು.

ನಾವು ನಿಲ್ಲಿಸಲಿಲ್ಲ, ಮಳೆಗಾಲಕ್ಕೆ ಮುಂದೂಡಿದೆವು. ಜೂನ್ ಮುಗಿಯುವ ಹೊತ್ತಿಗೆ ಕ್ಯೂರಿಂಗ್ ಕೆಲಸ ತಣ್ಣಗಾಗಿ, ಅಂಗಳಕ್ಕೆ ಟಾರ್ಪಾಲು ಬಿದ್ದು, ಲಾರಿಗಳು ಅಪರೂಪವಾಗುತ್ತವೆ. ಮೇಜು ಅಲುಗುವುದಿಲ್ಲ. ಗಡಿ ನಿಲ್ಲುತ್ತದೆ. ಆದ್ದರಿಂದ ನಮ್ಮ ಕಾಲೇಜಿನಲ್ಲಿ ಉಪ್ಪಿನ ಪ್ರಯೋಗ ಎಂದರೆ ಮಳೆಗಾಲದ ಪ್ರಯೋಗ. ಹುಡುಗಿಯರು ಸ್ವೆಟರ್ ಹಾಕಿಕೊಂಡು, ಹುಡುಗರು ಕೈ ಉಜ್ಜಿಕೊಂಡು ಮಾಡುವ ಪ್ರಯೋಗ. ಮುಂದಿನದೆಲ್ಲ ಇದರಿಂದ ಆದದ್ದು.

ಮೊದಲ ಮಳೆಗಾಲದಲ್ಲಿ ನಾನೇ ಮಾಡಿದಾಗ ಒಂದೂವರೆ ಬರಲಿಲ್ಲ. ಒಂದೂಕಾಲಿನ ಆಸುಪಾಸಿನಲ್ಲಿ ಬಂತು. ಮತ್ತೆ ಮಾಡಿದೆ. ಮತ್ತೆ ಅಷ್ಟೇ. ಆಗ ವಿಭಾಗದ ಮುಖ್ಯಸ್ಥರಾಗಿದ್ದವರನ್ನು ಎಲ್ಲರೂ ದೊಡ್ಡ ಮೇಷ್ಟ್ರು ಎನ್ನುತ್ತಿದ್ದರು. ಕೈಯಲ್ಲಿ ಯಾವಾಗಲೂ ಬೀರುವಿನ ಕೀಲಿಗೊಂಚಲು. ಮಾತಾಡುವಾಗ ಅದನ್ನು ಮೇಜಿಗೆ ಕುಟ್ಟುವ ಅಭ್ಯಾಸ. ಪ್ರಯೋಗ ನಡೆಯುತ್ತಿದ್ದ ಮೇಜಿಗೂ ಕುಟ್ಟುತ್ತಿದ್ದರು.

"ಪುಸ್ತಕದಲ್ಲಿ ಎಷ್ಟಿದೆಯಮ್ಮ?"

"ಒಂದೂವರೆ ಸರ್."

"ಬರೆದವರು ದಡ್ಡರಾ?"

"ಅಲ್ಲ ಸರ್. ಕೆಳಗೆ ಸಣ್ಣಕ್ಷರದಲ್ಲಿ ಇಪ್ಪತ್ತೈದು ಡಿಗ್ರಿಯಲ್ಲಿ ಅಂತಿದೆ. ನಮ್ಮ ಕೋಣೆಯಲ್ಲಿ ಇವತ್ತು ಹತ್ತೊಂಬತ್ತು. ತಣ್ಣಗಿದ್ರೆ ಉಪ್ಪು ನಿಧಾನ ಹರಡುತ್ತೆ. ಕಮ್ಮಿ ಬರಲೇಬೇಕು."

"ಸಣ್ಣಕ್ಷರ ಓದಿಸಿ ಮಕ್ಕಳ ತಲೆ ಕೆಡಿಸ್ಬೇಡಿ." ಕೀಲಿಗೊಂಚಲು ಮೇಜಿಗೆ ಬಿತ್ತು. ಗಡಿ ಕದಡಿತು.

ಕೆಲವು ವರ್ಷದ ನಂತರ ಎಲ್ಲ ಕಾಲೇಜುಗಳಿಗೂ ಒಂದೇ ಎಂದು ಲ್ಯಾಬ್ ಮ್ಯಾನ್ಯುಯಲ್ ಅಚ್ಚಾಯಿತು. ಅದನ್ನು ಸಿದ್ಧಪಡಿಸಿದ ಸಮಿತಿಯಲ್ಲಿ ದೊಡ್ಡ ಮೇಷ್ಟ್ರೂ ಇದ್ದರು. ಸಣ್ಣಕ್ಷರದ ಸಾಲು ಅದರಲ್ಲಿ ಇರಲಿಲ್ಲ. ಅವರೇ ತೆಗೆಸಿದರೆಂದು ಕೆಲವರು ಹೇಳಿದರು, ಅಚ್ಚಿನಲ್ಲಿ ಬಿಟ್ಟುಹೋಯಿತೆಂದು ಇನ್ನು ಕೆಲವರು. ಯಾವುದು ನಿಜವೋ ನನಗೆ ಗೊತ್ತಿಲ್ಲ. "ಪ್ರಮಾಣಿತ ಬೆಲೆ: ಒಂದೂವರೆ" ಎಂದಷ್ಟೇ ಉಳಿಯಿತು ಎಂಬುದು ಮಾತ್ರ ಗೊತ್ತು.

ಅಲ್ಲಿಂದ ಎಲ್ಲರಿಗೂ ಒಂದೂವರೆ ಬರತೊಡಗಿತು.

ಹೇಗೆ ಬರುತ್ತದೆ ಎಂದು ಹೊಸಬರು ತಿಳಿದಿರಲಿ. ವಿದ್ಯಾರ್ಥಿ ಮೊದಲು ಉತ್ತರ ಬರೆಯುತ್ತಾನೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದು, ಯಾವ ಅಳತೆ ಇದ್ದರೆ ಈ ಉತ್ತರ ಬರುತ್ತದೋ ಆ ಅಳತೆಯನ್ನು ಬರೆಯುತ್ತಾನೆ. ಬುದ್ಧಿವಂತರು ಅಲ್ಲೊಂದು ಇಲ್ಲೊಂದು ಸಣ್ಣ ತಪ್ಪನ್ನೂ ಸೇರಿಸುತ್ತಾರೆ, ನಿಜದಂತೆ ಕಾಣಲಿ ಎಂದು. ಪ್ರಯೋಗ ಮಾಡುವುದಕ್ಕಿಂತ ಇದಕ್ಕೆ ಹೆಚ್ಚು ಗಣಿತ ಬೇಕು. ಅಂಥ ಉತ್ತರವನ್ನು ನಾನು ಹೊಡೆದು ಹಾಕುತ್ತಿದ್ದೆ. ಅವರು ಪ್ರಿನ್ಸಿಪಾಲರ ಹತ್ತಿರ ಹೋಗುತ್ತಿದ್ದರು. "ಮ್ಯಾನ್ಯುಯಲ್ಲಿನಲ್ಲಿ ಇರೋದನ್ನೇ ಬರೆದಿದ್ದಾರಲ್ಲ ಮೇಡಂ" ಎಂದು ಅಂಕ ವಾಪಸ್ ಬರುತ್ತಿತ್ತು. ಇದು ಪ್ರತಿ ಮಳೆಗಾಲ ನಡೆಯಿತು. ಹೆಸರುಗಳು ಬದಲಾಗುತ್ತಿದ್ದವು ಅಷ್ಟೆ.

ಮೇಜಿನ ಪಕ್ಕದ ಗೋಡೆಗೆ ಒಂದು ಥರ್ಮಾಮೀಟರ್ ತೂಗುಹಾಕಿ, ಉತ್ತರದ ಪಕ್ಕ ಕೋಣೆಯ ತಾಪಮಾನ ಬರೆಯಬೇಕೆಂದು ಹೇಳಿಕೊಡುತ್ತಿದ್ದೆ. ಸಹೋದ್ಯೋಗಿಗಳು ಆ ಥರ್ಮಾಮೀಟರನ್ನು ನೋಡಿ, "ಹದಿನೆಂಟು! ಇನ್ನೊಂದು ಕಾಫಿ ಹೇಳಿ ಮಾರಾಯ್ರೆ" ಎನ್ನುತ್ತಿದ್ದರು. ಅದರಿಂದ ಆದ ಪ್ರಯೋಜನ ಬಹಳ ಕಾಲ ಅಷ್ಟೇ.

ನಡುವೆ ವಿಧಾನ ಬದಲಾಯಿತು. ಜಾಡಿ, ಪಿಪೆಟ್ಟು ಹೋಗಿ ಲೇಸರ್ ಬಂತು. ಲೇಸರ್ ಕಿರಣವನ್ನು ಒಂದು ಗಾಜಿನ ಕಡ್ಡಿಯ ಮೂಲಕ ಹಾಯಿಸಿದರೆ ಅದು ಓರೆಯಾದ ಗೆರೆಯಾಗಿ ಹರಡುತ್ತದೆ. ಆ ಗೆರೆ ತೊಟ್ಟಿಯನ್ನು ದಾಟಿ ಎದುರು ಗೋಡೆಯ ಗ್ರಾಫ್ ಹಾಳೆಯ ಮೇಲೆ ಬೀಳುತ್ತದೆ. ಉಪ್ಪು ಮತ್ತು ನೀರು ಸೇರುವ ಕಡೆ ಬೆಳಕು ಕೆಳಕ್ಕೆ ಬಾಗುವುದರಿಂದ ಗೆರೆ ಒದ್ದೆ ಬಟ್ಟೆ ಹಾಕಿದ ಹಗ್ಗದ ಹಾಗೆ ಜೋತುಬೀಳುತ್ತದೆ. ಉಪ್ಪು ಹರಡಿದಂತೆಲ್ಲ ಹಗ್ಗ ಮೆಲ್ಲಗೆ ಬಿಗಿಯಾಗುತ್ತಾ ಬರುತ್ತದೆ. ಹೊತ್ತು ಹೊತ್ತಿಗೆ ಪೆನ್ಸಿಲಿನಿಂದ ಅದರ ಮೇಲೆ ಗೆರೆ ಎಳೆದಿಟ್ಟುಕೊಂಡು ಲೆಕ್ಕ ಮಾಡಿದರೆ ಸಂಖ್ಯೆ ಸಿಗುತ್ತದೆ. ವಾರಗಳ ಕೆಲಸ ಒಂದು ಬೆಳಗಿನಲ್ಲಿ ಮುಗಿಯುತ್ತದೆ. ಇದು ನಿಜವಾಗಿಯೂ ಒಳ್ಳೆಯ ಬದಲಾವಣೆ.

ಅದರ ಮೇಲೆ ಬಂದದ್ದು ಕಂಪ್ಯೂಟರ್. ಪರದೆಯ ಮೇಲೆ ತೊಟ್ಟಿ, ಪರದೆಯ ಮೇಲೆ ಉಪ್ಪು. ಒತ್ತಿದರೆ ಹರಡುತ್ತದೆ. ಲಾರಿ ಬಂದರೂ ಅಲುಗುವುದಿಲ್ಲ. ಪ್ರತಿ ಸಲ ಒಂದೂವರೆ. "ಇದು ಎಷ್ಟು ನೀಟಾಗಿ ಬರ್ತದೆ ನೋಡಿ ಮೇಡಂ, ಈ ಗಾಜಿಂದು ಎಲ್ಲಾ ಎಂತಕ್ಕೆ?" ಎಂದು ಕಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. ನಾನು ತೊಟ್ಟಿ ತೊಳೆಯಲು ಹೋದೆ. ಉತ್ತರ ಕೊಟ್ಟಿದ್ದರೆ ಅದು ಸಭ್ಯವಾಗಿ ಇರುತ್ತಿರಲಿಲ್ಲ.

ಶಬೀನಾ ಕೊಟ್ಟಿಗೆಹಾರದ ಹುಡುಗಿ. ತಂದೆಗೆ ಅಲ್ಲೇ ಜೀಪು ರಿಪೇರಿ ಮಾಡುವ ಗ್ಯಾರೇಜು. ತರಗತಿಯಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ, ಆದರೆ ಒಮ್ಮೆ ಕೇಳಿದ ಪ್ರಶ್ನೆಯನ್ನು ಉತ್ತರ ಸಿಗುವವರೆಗೆ ಬಿಡುತ್ತಿರಲಿಲ್ಲ. ವರ್ಷವಿಡೀ ರೆಕಾರ್ಡಿನಲ್ಲಿ ತಾಪಮಾನ ಬರೆದವರು ಆ ತಂಡದಲ್ಲಿ ಅವಳೊಬ್ಬಳೇ. ಎಂ.ಎಸ್ಸಿ. ಸೀಟಿಗೆ ಹಿಂದಿನ ಸೆಮಿಸ್ಟರುಗಳ ಅಂಕ ಸೇರಿಸಿ ನೋಡಿದರೆ ಅವಳು ಅಂಚಿನಲ್ಲಿದ್ದಳು. ಈ ಪ್ರಾಯೋಗಿಕದಲ್ಲಿ ಪೂರ್ತಿ ಬಂದರೆ ಸೀಟು, ಇಲ್ಲದಿದ್ದರೆ ಇಲ್ಲ. ಇದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಪರೀಕ್ಷೆಯಲ್ಲಿ ಯಾರಿಗೆ ಯಾವ ಪ್ರಯೋಗ ಎಂದು ಚೀಟಿ ಎತ್ತಿಸುತ್ತೇವೆ. ಉಪ್ಪಿನ ಪ್ರಯೋಗ ಬಂದದ್ದು ಚೇತನ್, ಪ್ರಜ್ವಲ್ ಎಂಬ ಇಬ್ಬರು ಹುಡುಗರಿಗೆ ಮತ್ತು ಶಬೀನಾಗೆ. ಪರೀಕ್ಷಕರು ಕರಾವಳಿಯ ಕಾಲೇಜೊಂದರಿಂದ ಬಂದಿದ್ದ ಸದಾನಂದ ರಾವ್. ಸಭ್ಯ ಮನುಷ್ಯ. ಆದರೆ ಅವರ ಗಮನ ಗಡಿಯಾರದ ಮೇಲಿತ್ತು. ಚಾರ್ಮಾಡಿಯಲ್ಲಿ ಮಳೆ ಜೋರು, ಕತ್ತಲಾಗುವ ಮುಂಚೆ ಘಾಟಿ ಇಳಿದುಬಿಡಬೇಕು ಎಂದು ಬಂದ ಗಳಿಗೆಯಿಂದ ಹೇಳುತ್ತಿದ್ದರು. ಸ್ವೆಟರ್ ತಂದಿರಲಿಲ್ಲ. ಸಿದ್ದಪ್ಪನವರ ಜಾಗಕ್ಕೆ ಬಂದಿದ್ದ ಅಟೆಂಡರಮ್ಮ ತಮ್ಮ ಕಪ್ಪು ಶಾಲು ಕೊಟ್ಟಿದ್ದರು. ಅದನ್ನು ಹೊದ್ದುಕೊಂಡೇ ಅವರು ಉತ್ತರ ಪತ್ರಿಕೆ ನೋಡಿದರು.

"ಒಂದೂಕಾಲು?" ಎಂದರು. "ಇವಳದ್ದು ಹೋಯ್ತು. ಹುಡುಗರದ್ದು ಕರೆಕ್ಟ್ ಉಂಟು."

ನಾನು ತಾಪಮಾನದ ವಿಷಯ ಹೇಳಿದೆ. ಅವರು ಮ್ಯಾನ್ಯುಯಲ್ ತಿರುಗಿಸಿ ತೋರಿಸಿದರು.

"ಇದರಲ್ಲಿ ತಾಪಮಾನ ಎಲ್ಲುಂಟು ಮೇಡಂ?"

"ಇದರಲ್ಲಿ ಇಲ್ಲ ಸರ್. ಗೋಡೆ ಮೇಲಿದೆ."

"ಗೋಡೆ ನೋಡಿ ಮಾರ್ಕ್ಸ್ ಕೊಡ್ಲಿಕ್ಕೆ ಆಗ್ತದಾ? ನಾವು ಇದರ ಪ್ರಕಾರ ಹೋಗುವಾ."

"ನಿಮ್ಮ ಕಾಲೇಜಲ್ಲಿ ಎಷ್ಟು ಬರುತ್ತೆ ಸರ್?"

"ಒಂದೂವರೆ. ಎಲ್ಲರಿಗೂ."

"ಅಲ್ಲಿ ಸೆಖೆ ಸರ್. ಅಲ್ಲಿ ಒಂದೂವರೆ ದಾಟಬೇಕಲ್ಲ?"

ಅವರು ನನ್ನನ್ನು ನೋಡಿದರು. "ಮೇಡಂ, ಘಾಟಿ ಮುಚ್ಚಿದ್ರೆ ನಾನೆಲ್ಲಿ ಹೋಗ್ಲಿ? ಸೈನ್ ಹಾಕಿ ಮಾರಾಯ್ರೆ."

ಅಂಕಪಟ್ಟಿಗೆ ಹೊರಗಿನ ಪರೀಕ್ಷಕರ ಜೊತೆ ಒಳಗಿನ ಪರೀಕ್ಷಕರೂ ಸಹಿ ಹಾಕಬೇಕು. ಒಳಗಿನವಳು ನಾನು. ಹಾಕಲಿಲ್ಲ.

ಹೊರಗೆ ವರಾಂಡದಲ್ಲಿ ಸುದ್ದಿ ಆಗಲೇ ಹೋಗಿತ್ತು. ಚೇತನ್ ಶಬೀನಾಗೆ ಹೇಳುತ್ತಿದ್ದ: "ಮೊದ್ಲೇ ಹೇಳಿದ್ನಲ್ಲ ಮಾರಾಯ್ತಿ. ಒಂದೂವರೆ ಬರ್ದು ಕೈ ತೊಳ್ಕೊ ಅಂತ. ಹರಿಶ್ಚಂದ್ರನ ತಂಗಿ ಆಗಕ್ಕೆ ಹೋದ್ಯಲ್ಲ."

"ನಿಂದು ಎಷ್ಟು ಬಂದಿತ್ತು ನಿಜ ಹೇಳು?"

"ನಾನೆಲ್ಲಿ ನೋಡ್ದೆ! ನೋಡಿದ್ರೆ ಬೇಜಾರಾಗುತ್ತೆ ಅಂತ ನೋಡ್ಲೇ ಇಲ್ಲ."

ಅವಳು ಒಳಗೆ ಬಂದಳು. ಅಳುತ್ತಿರಲಿಲ್ಲ. ಸಿಟ್ಟಾಗಿದ್ದಳು.

"ಮ್ಯಾಮ್, ನಾನೂ ಒಂದೂವರೆ ಬರ್ದಿದ್ರೆ ಸೀಟ್ ಸಿಗ್ತಿತ್ತು. ಹೌದಾ ಅಲ್ವಾ?"

"ಹೌದು."

"ಹಾಗಾದ್ರೆ ನೀವು ಇದನ್ನೆಲ್ಲ ಎಂತಕ್ಕೆ ಹೇಳಿಕೊಟ್ರಿ?"

ನನ್ನ ಸೇವೆಯಲ್ಲಿ ಯಾವ ಸಮಿತಿಯೂ ಕೇಳದ ಪ್ರಶ್ನೆ ಅದು. "ಮನೆಗೆ ಹೋಗಬೇಡ. ನಾಳೆ ಬೆಳಿಗ್ಗೆವರೆಗೆ ಹಾಸ್ಟೆಲ್ಲಿನಲ್ಲಿ ಇರು" ಎಂದಷ್ಟೇ ಹೇಳಿದೆ.

ಪ್ರಿನ್ಸಿಪಾಲರು ಬಂದರು. ಅಂಕ ಕಂಪ್ಯೂಟರಿಗೆ ಹಾಕುವ ಅವಧಿ ಮರುದಿನ ಸಂಜೆಗೆ ಮುಗಿಯುತ್ತದೆ, ಒಬ್ಬ ಹುಡುಗಿಗೋಸ್ಕರ ಇಡೀ ತಂಡದ್ದು ನಿಂತುಹೋಗುತ್ತದೆ ಎಂದರು. "ರಿಟೈರ್ ಆಗೋ ಹೊತ್ತಲ್ಲಿ ನಿಮಗೆ ಯಾಕೆ ಈ ತಲೆನೋವು? ಬೇಕಿದ್ರೆ ಆ ಮಗೂಗೆ ಒಂದೆರಡು ಕೃಪಾಂಕ ಹಾಕೋಣ."

"ಕೃಪೆ ಯಾಕೆ ಸರ್? ಉತ್ತರ ಸರಿ ಇದೆ."

"ಸರಿ ಇದೆ ಅಂತ ಬರೆದ್ರೆ ಮ್ಯಾನ್ಯುಯಲ್ ತಪ್ಪಾಗುತ್ತಲ್ಲ ಮೇಡಂ!"

ಅದು ಅವರ ಆಕ್ಷೇಪಣೆಯಾಗಿತ್ತು. ನಾನು ಅದನ್ನು ಅವರು ಹೇಳಿದ ಹಾಗೆಯೇ ಇಲ್ಲಿ ಬರೆದಿದ್ದೇನೆ.

ಆ ಹೊತ್ತಿಗೆ ಕ್ಯಾಂಟೀನಿನವರು ಕಾಫಿ ತಂದು, ಚಾರ್ಮಾಡಿಯಲ್ಲಿ ಗುಡ್ಡ ಜರಿದು ಗಾಡಿಗಳನ್ನು ಕೊಟ್ಟಿಗೆಹಾರದಲ್ಲೇ ತಡೆದಿದ್ದಾರೆ ಎಂದು ಹೇಳಿದರು. ಸದಾನಂದ ರಾವ್ ಕುರ್ಚಿಯಲ್ಲಿ ಕೂತುಬಿಟ್ಟರು. ಶಾಲನ್ನು ಕಿವಿಯವರೆಗೆ ಎಳೆದುಕೊಂಡು ಲೋಟವನ್ನು ಎರಡೂ ಕೈಯಲ್ಲಿ ಹಿಡಿದರು.

"ಎಂಥ ಚಳಿ ಮೇಡಂ ನಿಮ್ಮೂರಲ್ಲಿ! ಕೈ ಮರಗಟ್ಟಿ ಹೋಯ್ತು. ಪೆನ್ನು ಹಿಡಿಲಿಕ್ಕೆ ಆಗುದಿಲ್ಲ."

ನನಗೆ ತಾಳ್ಮೆ ಮುಗಿದಿತ್ತು. "ನಿಮಗೆ ಚಳಿಯಾಗುತ್ತೆ. ಉಪ್ಪಿಗೆ ಆಗಲ್ವಾ ಸರ್? ನಿಮಗೆ ಶಾಲು ಕೊಟ್ವಿ. ಉಪ್ಪಿಗೆ ಏನು ಕೊಡೋಣ?"

ಪ್ರಿನ್ಸಿಪಾಲರು ನಕ್ಕರು. ಸದಾನಂದ ರಾವ್ ನಗಲಿಲ್ಲ. ಲೋಟ ಕೆಳಗಿಟ್ಟು ಗೋಡೆಯ ಥರ್ಮಾಮೀಟರ್ ಹತ್ತಿರ ಹೋಗಿ, ಕನ್ನಡಕ ಮೇಲೆತ್ತಿ ನೋಡಿದರು. ಹತ್ತೊಂಬತ್ತಿತ್ತು. ಕನ್ನಡಕ ಇಳಿಸಿ, "ನಾಳೆ ಬೆಳಿಗ್ಗೆ ನಾನೇ ಮಾಡಿ ನೋಡ್ತೇನೆ. ಹೇಗೂ ಹೋಗ್ಲಿಕ್ಕಿಲ್ಲ" ಎಂದರು.

ಮರುದಿನ ಬೆಳಿಗ್ಗೆ ಅವರು ಲಾಡ್ಜಿನಿಂದ ನೇರ ಪ್ರಯೋಗಾಲಯಕ್ಕೆ ಬಂದರು. ಎರಡು ತೊಟ್ಟಿ ಇಟ್ಟೆವು. ಒಂದು ಕೋಣೆ ಇದ್ದ ಹಾಗೆ. ಇನ್ನೊಂದರ ಉಪ್ಪುನೀರು, ಸಾದಾ ನೀರು ಎರಡನ್ನೂ ಮೊದಲೇ ಇಪ್ಪತ್ತೈದು ಡಿಗ್ರಿಗೆ ತಂದು, ತೊಟ್ಟಿಯನ್ನು ದೊಡ್ಡ ಗಾಜಿನ ಪಾತ್ರೆಯೊಳಗೆ ಇಟ್ಟು, ಸುತ್ತ ಬೆಚ್ಚಗಿನ ನೀರು ತುಂಬಿದೆವು. ಕ್ಯಾಂಟೀನಿನಿಂದ ಬಿಸಿನೀರು ಬರುತ್ತಿತ್ತು. ಸುತ್ತಲಿನ ನೀರು ತಣ್ಣಗಾದಂತೆ ಅಟೆಂಡರಮ್ಮ ಹದ ನೋಡಿ ಸೇರಿಸುತ್ತಿದ್ದರು. ಕೊಳವೆ ಇಳಿಸಿ ಉಪ್ಪುನೀರು ಬಿಟ್ಟವರು ಸದಾನಂದ ರಾವ್. ಮೊದಲ ಸಲ ಗಡಿ ಕದಡಿತು. ಎರಡನೆಯ ಸಲ ಕೂತಿತು. ಬಹಳ ವರ್ಷಗಳಿಂದ ತಮ್ಮ ಕೈಯಾರೆ ಮಾಡಿಲ್ಲ ಎಂದು ಅವರೇ ಹೇಳಿದರು.

ನಾನು ಗೆರೆ ಎಳೆಯಲಿಲ್ಲ. ಶಬೀನಾಳನ್ನೂ ಒಳಗೆ ಬಿಡಲಿಲ್ಲ. ನಾವು ಕೈಯಾಡಿಸಿದೆವೆಂದು ಆಮೇಲೆ ಯಾರೂ ಹೇಳಬಾರದಿತ್ತು.

ಮಧ್ಯಾಹ್ನದ ಹೊತ್ತಿಗೆ ಅವರ ಲೆಕ್ಕ ಮುಗಿಯಿತು. ಬೆಚ್ಚಗಿನ ತೊಟ್ಟಿಯಲ್ಲಿ ಒಂದೂವರೆಗೆ ಕೂದಲೆಳೆ ಕಮ್ಮಿ. ಕೋಣೆಯ ತೊಟ್ಟಿಯಲ್ಲಿ ಶಬೀನಾ ಬರೆದದ್ದರ ಪಕ್ಕದಲ್ಲೇ.

ಅವರು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ, "ಹಾಗಾದ್ರೆ ನಮ್ಮಲ್ಲಿ ಇಷ್ಟು ವರ್ಷ..." ಎಂದು ಶುರುಮಾಡಿ ನಿಲ್ಲಿಸಿದರು. ಮತ್ತೆ, "ಹುಡುಗರಿಬ್ಬರದ್ದು ಹೊಡಿಬೇಕಲ್ಲ ಮೇಡಂ?" ಎಂದರು.

"ಹೊಡೀರಿ" ಎಂದೆ.

ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತಿದ್ದರು. "ಪೇರೆಂಟ್ಸ್ ಬಂದು ಕೂತ್ರೆ ನಾನು ಏನು ಹೇಳ್ಲಿ?"

ಸದಾನಂದ ರಾವ್ ಹುಡುಗರ ಗ್ರಾಫ್ ಹಾಳೆಗಳನ್ನು ತೆಗೆದುಕೊಂಡರು. ಪೆನ್ಸಿಲಿನ ಗೆರೆಗಳು ಅಚ್ಚುಕಟ್ಟಾಗಿದ್ದವು. ಗೆರೆಯನ್ನು ಇಬ್ಬರೂ ಎಳೆದೇ ಇದ್ದರು. ಪರೀಕ್ಷೆಯಲ್ಲಿ ನಾವು ನೋಡುತ್ತಾ ನಿಂತಿದ್ದೆವಲ್ಲ. ಲೆಕ್ಕ ಮಾತ್ರ ಗೆರೆಯಿಂದ ಬಂದದ್ದಲ್ಲ, ಮ್ಯಾನ್ಯುಯಲ್ಲಿನಿಂದ ಬಂದದ್ದು. ಇಬ್ಬರನ್ನೂ ಕರೆಸಿ, ತಮ್ಮ ತಮ್ಮ ಗೆರೆಯಿಂದ ಮತ್ತೊಮ್ಮೆ ಲೆಕ್ಕ ಮಾಡಲು ಕೂರಿಸಿದರು. ಇದಕ್ಕೆ ನಿಯಮದಲ್ಲಿ ಅವಕಾಶವಿದೆಯೇ ಎಂದು ಪ್ರಿನ್ಸಿಪಾಲರು ಕೇಳಿದರು. ಇಲ್ಲ ಎಂದೂ ಎಲ್ಲೂ ಬರೆದಿಲ್ಲ ಎಂದು ಅವರು ಉತ್ತರಿಸಿದರು.

ಚೇತನ್‌ದು ಒಂದೂಕಾಲಿಗಿಂತ ತುಸು ಹೆಚ್ಚು ಬಂತು. ಪ್ರಜ್ವಲ್‌ದು ತುಸು ಕಮ್ಮಿ.

"ಅಯ್ಯೋ! ನಿಂದೇ ಬಂತಲ್ಲೇ" ಎಂದು ಚೇತನ್ ಬಾಗಿಲಿನಿಂದಲೇ ಕೂಗಿದ.

"ನಂದಲ್ಲ. ನಿಂದೇ ಅದು" ಎಂದಳು ಶಬೀನಾ.

ಪರೀಕ್ಷಕರು ಅವಳ ಪತ್ರಿಕೆಯ ಕೆಂಪು ಗೆರೆಯ ಪಕ್ಕ ತಮ್ಮ ಕೈಯಾರೆ "ಕೋಣೆಯ ತಾಪಮಾನಕ್ಕೆ ಈ ಬೆಲೆ ಸರಿ" ಎಂದು ಬರೆದು ಸಹಿ ಹಾಕಿದರು. ಪೂರ್ತಿ ಅಂಕ ಕೊಟ್ಟರು. ಹುಡುಗರ ಅಂಕ ಸ್ವಲ್ಪ ಕಡಿದರು. ನಾನು ಪಟ್ಟಿಗೆ ಸಹಿ ಹಾಕಿದೆ. ಆಫೀಸಿನ ಗುಮಾಸ್ತರು ಅಂಕ ಕಂಪ್ಯೂಟರಿಗೆ ಹಾಕುತ್ತಾ, "ಈ ಷರಾ ಹಾಕಲು ಇದರಲ್ಲಿ ಜಾಗ ಇಲ್ಲ ಮೇಡಂ, ನಂಬರ್ ಮಾತ್ರ ತಗೊಳ್ಳುತ್ತೆ" ಎಂದರು. ನಂಬರ್ ಮಾತ್ರ ಹೋಯಿತು. ಘಾಟಿಯ ಮಣ್ಣು ತೆಗೆಯುವುದು ಮುಗಿದಿರಲಿಲ್ಲ. ಸದಾನಂದ ರಾವ್ ಬೇರೆ ದಾರಿ ಹಿಡಿದು, ಶಾಲನ್ನು ಹೊದ್ದುಕೊಂಡೇ ಊರಿಗೆ ಹೋದರು. ಶಾಲು ಅಂಚೆಯಲ್ಲಿ ವಾಪಸ್ ಬಂತು.

ಇಷ್ಟಕ್ಕೆ ಮುಗಿಯಿತೆಂದು ನಾನು ಅಂದುಕೊಂಡಿದ್ದರೆ ಈ ಕೆಲಸವನ್ನು ನಾನು ಸರಿಯಾಗಿ ತಿಳಿದುಕೊಂಡಿಲ್ಲ ಎಂದೇ ಅರ್ಥ. ಮ್ಯಾನ್ಯುಯಲ್ ಸಮಿತಿಗೆ ಪತ್ರ ಬರೆದೆ. "ಇಪ್ಪತ್ತೈದು ಡಿಗ್ರಿಯಲ್ಲಿ" ಎಂಬ ಒಂದು ತುಣುಕು ಸೇರಿಸಿದರೆ ಸಾಕು ಎಂದು ಕೇಳಿದ್ದೆ. ಎರಡೂ ತೊಟ್ಟಿಯ ಗ್ರಾಫ್ ಜೊತೆಗಿಟ್ಟಿದ್ದೆ. ಉತ್ತರವಿಲ್ಲ. ಮತ್ತೆ ಬರೆದೆ. ನಿವೃತ್ತಳಾದೆ. ಹಾರ, ಶಾಲು, ಒಂದು ಗೋಡೆ ಗಡಿಯಾರ ಕೊಟ್ಟರು. ಆಮೇಲೆ ಮೂರನೆಯ ಸಲ ಬರೆದೆ.

ಕೊನೆಗೂ ಉತ್ತರ ಬಂತು. ಪ್ರಮಾಣಿತ ಬೆಲೆಯನ್ನು ಬದಲಿಸುವ ಅಗತ್ಯ ಕಂಡುಬಂದಿಲ್ಲ, ಫಲಿತಾಂಶದಲ್ಲಿ ವ್ಯತ್ಯಾಸ ಬರುವ ಕಾಲೇಜುಗಳು ತಮ್ಮ ಪ್ರಯೋಗಾಲಯವನ್ನು ಪ್ರಮಾಣಿತ ಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕು ಎಂದಿತ್ತು. ಬೆಲೆಯನ್ನು ಬದಲಿಸಿ ಎಂದು ನಾನು ಕೇಳಿರಲೇ ಇಲ್ಲ. ಪತ್ರದ ಪ್ರತಿ ಪ್ರಿನ್ಸಿಪಾಲರಿಗೂ ಹೋಗಿತ್ತು. ಅವರು ಅದನ್ನು ಓದಿ, ನಾನು ಅಂದು ಸಿಟ್ಟಿನಲ್ಲಿ ಕೇಳಿದ ಮಾತನ್ನು ನೆನಪಿಸಿಕೊಂಡರಂತೆ. "ಉಪ್ಪಿಗೆ ಏನು ಕೊಡೋಣ ಅಂತ ಮೇಡಂ ಕೇಳಿದ್ರಲ್ಲ, ಕೊಡೋಣ" ಎಂದು ಸಭೆಯಲ್ಲಿ ಹೇಳಿದರಂತೆ. ಇದು ನಾನು ಕೇಳಿದ್ದು, ಕಂಡದ್ದಲ್ಲ. ಪ್ರಯೋಗಾಲಯಕ್ಕೆ ಒಂದು ರೂಮ್ ಹೀಟರ್ ಮಂಜೂರಾಯಿತು ಎಂಬುದು ಮಾತ್ರ ಖಚಿತ.

ಹೀಟರನ್ನು ತೊಟ್ಟಿಯ ಒಂದು ಪಕ್ಕ ಇಟ್ಟರೆ ಏನಾಗುತ್ತದೆ ಎಂದು ಈ ಕೆಲಸ ಮಾಡಿದ ಯಾರಿಗಾದರೂ ಗೊತ್ತು. ಆ ಪಕ್ಕದ ನೀರು ಬಿಸಿಯಾಗುತ್ತದೆ, ಈ ಪಕ್ಕದ್ದು ಆಗುವುದಿಲ್ಲ, ಒಳಗೆ ನೀರು ಸುತ್ತತೊಡಗುತ್ತದೆ. ಸಿದ್ದಪ್ಪನವರ ಎರಡು ಚೊಂಬಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಇದನ್ನು ವಿವರಿಸಿ ನಾಲ್ಕನೆಯ ಪತ್ರ ಬರೆಯಲು ಕೂತೆ. ಅರ್ಧಕ್ಕೆ ನಿಲ್ಲಿಸಿದೆ.

ಶಬೀನಾ ಎಂ.ಎಸ್ಸಿ. ಮುಗಿಸಿ, ಈ ವರ್ಷ ಅದೇ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದಿದ್ದಾಳೆ. ಉಪ್ಪಿನ ಪ್ರಯೋಗ ಅವಳ ಪಾಲಿಗೆ ಬಂದಿದೆ. ಕಳೆದ ಶನಿವಾರ ಫೋನ್ ಮಾಡಿದ್ದಳು.

"ಮ್ಯಾಮ್, ಹೀಟರ್ ಬಂತು."

"ಎಲ್ಲಿಟ್ಟಿದ್ದಾರೆ?"

"ಲ್ಯಾಬಲ್ಲೇ ಇಟ್ಟಿದ್ರು, ಮೇಜಿನ ಪಕ್ಕ. ನಾನು ಎತ್ತಿಸ್ದೆ. ಪ್ರಿನ್ಸಿಪಾಲರು ಇನ್ನೂ ನೋಡಿಲ್ಲ."

"ಎತ್ತಿಸಿ ಎಲ್ಲಿಗೆ ಹಾಕಿದೆ?"

ಹೀಟರ್ ಈಗ ಸ್ಟಾಫ್ ರೂಮಿನಲ್ಲಿದೆ. ಅದರ ಮುಂದೆ ಕೊಡೆಗಳನ್ನು ಬಿಡಿಸಿ ಒಣಗಲು ಇಟ್ಟಿದ್ದಾರೆ. ಶನಿವಾರ ಪ್ರಯೋಗಾಲಯದಲ್ಲಿ ಇಪ್ಪತ್ತು ಡಿಗ್ರಿ ಇತ್ತು. ಇಬ್ಬರು ವಿದ್ಯಾರ್ಥಿಗಳು ಅದನ್ನು ಉತ್ತರದ ಪಕ್ಕ ಬರೆದುಕೊಂಡರು.